ಒಬೈದ್ ಸಿದ್ದಿಕಿ: ನಿಲುಗಡೆಯ ಪದವನ್ನು ಓದಿದ ವಿಜ್ಞಾನಿ



ದ್ವಿತೀಯ ಪಿಯುಸಿಯ ಜೀವಶಾಸ್ತ್ರ ಪುಸ್ತಕದಲ್ಲಿ 64 ಮನೆಗಳ ಒಂದು ಕೋಷ್ಟಕವಿದೆ. ಪ್ರತಿ ಮನೆಯಲ್ಲೂ ಮೂರಕ್ಷರದ ಒಂದು ಪದ. ಅವುಗಳಲ್ಲಿ 61 ಪದಗಳ ಪಕ್ಕದಲ್ಲಿ ಯಾವುದಾದರೊಂದು ಅಮೈನೋ ಆಮ್ಲದ ಹೆಸರಿದೆ. ಉಳಿದ ಮೂರು ಪದಗಳಾದ ಯುಎಎ, ಯುಎಜಿ ಮತ್ತು ಯುಜಿಎ ಯಾವ ಅಮೈನೋ ಆಮ್ಲವನ್ನೂ ಸೂಚಿಸುವುದಿಲ್ಲ. ಅಲ್ಲಿಗೆ ಬಂದಾಗ ನಿಲ್ಲಬೇಕು ಎಂದಷ್ಟೇ ಅವುಗಳ ಅರ್ಥ. ಪರೀಕ್ಷೆಯಲ್ಲಿ ಇದು ಒಂದು ಅಂಕದ ಪ್ರಶ್ನೆ. ಬಹುತೇಕ ಎಲ್ಲರೂ ಸರಿಯಾಗಿ ಬರೆಯುತ್ತೀರಿ.

ಆ ಪಾಠದಲ್ಲಿ ಜಾರ್ಜ್ ಗ್ಯಾಮೋವ್, ಮಾರ್ಷಲ್ ನಿರೆನ್‌ಬರ್ಗ್, ಹರಗೋವಿಂದ ಖುರಾನಾ ಅವರ ಹೆಸರುಗಳಿವೆ. ಆದರೆ ಈ ಮೂರು ಪದಗಳು ಉಳಿದವುಗಳಂತಲ್ಲ, ಅವುಗಳ ಅರ್ಥ ಓದುವವರನ್ನು ಅವಲಂಬಿಸಿದೆ ಎಂಬುದಕ್ಕೆ ಮೊದಲ ಪುರಾವೆಗಳಲ್ಲಿ ಒಂದನ್ನು ಒದಗಿಸಿದ ಭಾರತೀಯನ ಹೆಸರು ಅಲ್ಲಿಲ್ಲ. ಅವರು ಒಬೈದ್ ಸಿದ್ದಿಕಿ. ತಮ್ಮ ಬದುಕಿನ ಕೊನೆಯ ವರ್ಷಗಳನ್ನು ಅವರು ನಮ್ಮ ಬೆಂಗಳೂರಿನಲ್ಲೇ ಕಳೆದರು. ಕಡೂರಿನಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ಅವರು ಕಟ್ಟಿದ ಸಂಸ್ಥೆಯ ಬಾಗಿಲಲ್ಲಿರಬಹುದು. ಇಷ್ಟು ಹತ್ತಿರವಿದ್ದವರ ಬಗ್ಗೆ ನಮ್ಮ ಮಕ್ಕಳಿಗೆ ತಿಳಿಯದೆ ಹೋಗಬಾರದು ಎಂದು ಈ ಸಂಚಿಕೆಗೆ ನಾನು ಅವರ ಬದುಕನ್ನು ಬರೆಯುತ್ತಿದ್ದೇನೆ.

ಸಿದ್ದಿಕಿಯವರು ಹುಟ್ಟಿದ್ದು 1932ರ ಜನವರಿ 7ರಂದು, ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ. ಅದು ದೊಡ್ಡ ಪಟ್ಟಣಗಳಿಂದ ದೂರವಿರುವ ಸೀಮೆ. ಉನ್ನತ ಶಿಕ್ಷಣಕ್ಕೆ ಅವರು ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ ಸೇರಿದರು. ದೇಶಕ್ಕೆ ಆಗತಾನೇ ಸ್ವಾತಂತ್ರ್ಯ ಬಂದಿತ್ತು, ದೇಶ ಆಗತಾನೇ ಒಡೆದಿತ್ತು. ಯುವಕರ ತಲೆಯಲ್ಲಿ ರಾಜಕೀಯವೇ ತುಂಬಿದ್ದ ಕಾಲ ಅದು. ಸಿದ್ದಿಕಿಯವರೂ ಎಡಪಂಥೀಯ ವಿದ್ಯಾರ್ಥಿ ಚಳವಳಿಯಲ್ಲಿ ತೊಡಗಿ ಸೆರೆಮನೆಯನ್ನು ಕಂಡರು. ಕಾಲೇಜಿನ ವಯಸ್ಸಿನಲ್ಲಿ ಜೈಲಿಗೆ ಹೋಗಿ ಬಂದ ಹುಡುಗನ ಓದು ಇನ್ನು ಮುಗಿಯಿತು ಎಂದು ಊರಿನವರು ಅಂದುಕೊಳ್ಳುವುದು ಸಹಜ. ಅವರ ಓದು ಮುಗಿಯಲಿಲ್ಲ. ಹೊರಬಂದು ಮತ್ತೆ ಪುಸ್ತಕ ಹಿಡಿದರು, ಎಂ.ಎಸ್ಸಿ. ಮಾಡಿದರು.

ಅವರ ವಿಜ್ಞಾನ ಆರಂಭವಾದದ್ದು ಸಸ್ಯಗಳಿಂದ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ, ಅಂದರೆ ಎಲ್ಲರೂ ಪೂಸಾ ಎಂದು ಕರೆಯುವ ಜಾಗದಲ್ಲಿ, ಗೋಧಿಯ ಅನುವಂಶೀಯತೆಯ ಮೇಲೆ ಕೆಲಸ ಹಿಡಿದರು. ಗೋಧಿಯ ಪ್ರಯೋಗವೆಂದರೆ ಬಿತ್ತಬೇಕು, ಬೆಳೆಯುವವರೆಗೆ ಕಾಯಬೇಕು, ತೆನೆ ಎಣಿಸಬೇಕು. ಒಂದು ಪ್ರಶ್ನೆಗೆ ಉತ್ತರ ಸಿಗಲು ಒಂದು ಹಂಗಾಮು ಬೇಕು. ಹೀಗಿರುವಾಗ ಒಮ್ಮೆ ಆಲಿಕಲ್ಲು ಮಳೆ ಸುರಿದು ಅವರ ಪ್ರಯೋಗದ ಗೋಧಿಯೆಲ್ಲ ನೆಲಕಚ್ಚಿತು.

ಆಲಿಕಲ್ಲು ಎಂದರೇನೆಂದು ನಿಮಗೆ ವಿವರಿಸಬೇಕಿಲ್ಲ. ಅಜ್ಜಂಪುರದ ಕಡೆ ಈರುಳ್ಳಿ ಬೆಳೆಯುವ ಮನೆಯ ಮಕ್ಕಳು, ತರೀಕೆರೆಯ ಅಡಿಕೆ ತೋಟದ ಮಕ್ಕಳು ಅದನ್ನು ಕಂಡೇ ಬೆಳೆದಿದ್ದೀರಿ. ಒಂದು ಸಂಜೆಯ ಮಳೆ ವರ್ಷದ ಲೆಕ್ಕವನ್ನೇ ಅಳಿಸಿಬಿಡುತ್ತದೆ. ರೈತ ಮುಂದಿನ ವರ್ಷ ಮತ್ತೆ ಅದೇ ಹೊಲದಲ್ಲಿ ಬಿತ್ತುತ್ತಾನೆ, ಅವನಿಗೆ ಬೇರೆ ದಾರಿಯಿಲ್ಲ. ಸಿದ್ದಿಕಿಯವರಿಗೆ ಬೇರೆ ದಾರಿಯಿತ್ತು. ಅನುವಂಶೀಯತೆಯ ಪ್ರಶ್ನೆಗಳನ್ನು ಗೋಧಿಯನ್ನೇ ಕೇಳಬೇಕೆಂದಿಲ್ಲ, ದಿನಗಳಲ್ಲಿ ಅಥವಾ ಗಂಟೆಗಳಲ್ಲಿ ಬೆಳೆಯುವ ಜೀವಿಗಳನ್ನೂ ಕೇಳಬಹುದು. ಅವರು ಸೂಕ್ಷ್ಮಜೀವಿಗಳ ಕಡೆ ತಿರುಗಿ, ಸ್ಕಾಟ್ಲೆಂಡಿನ ಗ್ಲ್ಯಾಸ್ಗೋ ವಿಶ್ವವಿದ್ಯಾಲಯಕ್ಕೆ ಹೊರಟರು.

ಅಲ್ಲಿ ಅವರ ಗುರು ಗೀಡೊ ಪೊಂಟೆಕೊರ್ವೊ. ಇಟಲಿಯಲ್ಲಿ ಫ್ಯಾಸಿಸ್ಟರ ಜನಾಂಗೀಯ ಕಾನೂನುಗಳ ಕಾಲದಲ್ಲಿ ದೇಶ ಬಿಟ್ಟು ಬಂದು ಬ್ರಿಟನ್ನಿನಲ್ಲಿ ನೆಲೆಸಿದ್ದ ಯಹೂದಿ ಮೂಲದ ವಿಜ್ಞಾನಿ. ಅವರ ಪ್ರಯೋಗಾಲಯದ ಜೀವಿ ಆಸ್ಪರ್ಜಿಲಸ್ ಎಂಬ ಬೂಷ್ಟು. ಮಳೆಗಾಲದಲ್ಲಿ ಹಳೆಯ ರೊಟ್ಟಿಯ ಮೇಲೆ ಹಸಿರಾಗಿ ಕಟ್ಟುವ ಬೂಷ್ಟಿನ ಬಳಗದ್ದೇ. ಒಂದೇ ಒಂದು ವಂಶವಾಹಿಯ ಒಳಗೆ ಬೇರೆ ಬೇರೆ ಜಾಗಗಳಲ್ಲಿ ಆದ ಉತ್ಪರಿವರ್ತನೆಗಳನ್ನು ಗುರುತಿಸಿ, ಅವು ಯಾವ ಕ್ರಮದಲ್ಲಿವೆ ಎಂದು ಸಿದ್ದಿಕಿಯವರು ನಕ್ಷೆ ಮಾಡಿದರು. ಊರಿನ ನಕ್ಷೆ ಮಾಡುವವರಿದ್ದಾರೆ. ಇದು ಒಂದೇ ಮನೆಯ ಒಳಗಿನ ಕೋಣೆಗಳ ನಕ್ಷೆ. 1961ರಲ್ಲಿ ಅವರಿಗೆ ಪಿಎಚ್.ಡಿ. ದೊರೆಯಿತು.

ಆ 1961 ಅನುವಂಶೀಯ ಸಂಕೇತದ ಇತಿಹಾಸದಲ್ಲಿ ಮರೆಯಲಾಗದ ವರ್ಷ. ನಿರೆನ್‌ಬರ್ಗ್ ಮತ್ತು ಮಥಾಯ್ ಯು ಅಕ್ಷರ ಮಾತ್ರ ಇರುವ ಆರ್‌ಎನ್‌ಎ ಬಳಸಿ, ಅದು ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲದ ಸರಪಳಿ ಕಟ್ಟುತ್ತದೆ ಎಂದು ತೋರಿಸಿದರು. ಅದೇ ವರ್ಷದ ಕೊನೆಗೆ ಕ್ರಿಕ್, ಬ್ರೆನ್ನರ್ ಮತ್ತು ಸಂಗಡಿಗರು ಸಂಕೇತವನ್ನು ಮೂರು ಮೂರು ಅಕ್ಷರಗಳಾಗಿ ಓದಲಾಗುತ್ತದೆ ಎಂದು ಪ್ರಕಟಿಸಿದರು. ನಿಘಂಟಿನ ಮೊದಲ ಪದ ಸಿಕ್ಕಿತ್ತು, ಉಳಿದ 63 ಬಾಕಿ ಇದ್ದವು. ಆ ಹೊತ್ತಿಗೆ ಸಿದ್ದಿಕಿಯವರು ಅಮೆರಿಕಕ್ಕೆ ಹೋಗಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅಲನ್ ಗ್ಯಾರೆನ್ ಅವರ ಜೊತೆ ಕೆಲಸಕ್ಕೆ ಸೇರಿದರು.

ಇಲ್ಲಿಂದ ಮುಂದಿನದನ್ನು ಸ್ವಲ್ಪ ನಿಧಾನವಾಗಿ ಓದಿ. ಪಾಠದಲ್ಲಿ ಒಂದು ಸಾಲಾಗಿ ಬರುವ ವಿಷಯದ ಹಿಂದೆ ಎಂಥ ಯೋಚನೆಯಿದೆ ಎಂಬುದು ಇಲ್ಲಿದೆ.

ಜೀವಕೋಶದಲ್ಲಿ ರೈಬೋಸೋಮ್ ಎಂಬ ಯಂತ್ರವಿದೆ. ಅದು ಸಂದೇಶವಾಹಕ ಆರ್‌ಎನ್‌ಎ ಮೇಲೆ ಮೂರು ಮೂರು ಅಕ್ಷರ ಸರಿಯುತ್ತಾ ಹೋಗುತ್ತದೆ. ಪ್ರತಿ ಮೂರಕ್ಷರಕ್ಕೂ ಹೊಂದುವ ಒಂದು ಟಿಆರ್‌ಎನ್‌ಎ ತನ್ನ ಅಮೈನೋ ಆಮ್ಲವನ್ನು ಹೊತ್ತು ಬರುತ್ತದೆ. ಹೀಗೆ ಒಂದಕ್ಕೊಂದು ಜೋಡಿಸಿದ ಸರಪಳಿಯೇ ಪ್ರೋಟೀನ್. ಸರಪಳಿ ಎಲ್ಲಿ ಮುಗಿಯಬೇಕು ಎಂಬುದು ಆಗ ಯಾರಿಗೂ ಸ್ಪಷ್ಟವಿರಲಿಲ್ಲ.

ಗ್ಯಾರೆನ್ ಮತ್ತು ಸಿದ್ದಿಕಿ ಆರಿಸಿಕೊಂಡ ಜೀವಿ ಈ. ಕೋಲೈ ಬ್ಯಾಕ್ಟೀರಿಯಾ. ಆರಿಸಿಕೊಂಡ ಪ್ರೋಟೀನ್ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ. ರಕ್ತಪರೀಕ್ಷೆಯ ಚೀಟಿಯಲ್ಲಿ ಈ ಹೆಸರನ್ನು ನೀವು ಕಂಡಿರಬಹುದು. ಈ ಕಿಣ್ವದ್ದೊಂದು ಅನುಕೂಲವಿದೆ: ಅದು ಇದೆಯೋ ಇಲ್ಲವೋ ಎಂದು ಬಣ್ಣದಿಂದಲೇ ಹೇಳಬಹುದು. ಬಣ್ಣವಿಲ್ಲದ ಒಂದು ರಾಸಾಯನಿಕವನ್ನು ಹಾಕಿದರೆ, ಕಿಣ್ವ ಇದ್ದಲ್ಲಿ ದ್ರಾವಣ ಹಳದಿಯಾಗುತ್ತದೆ. ಹಳದಿ ಎಷ್ಟು ಗಾಢವೋ ಕಿಣ್ವ ಅಷ್ಟು ಹೆಚ್ಚು.

ಈ ಕಿಣ್ವದ ವಂಶವಾಹಿ ಕೆಟ್ಟಿರುವ ಬ್ಯಾಕ್ಟೀರಿಯಾ ತಳಿಗಳು ಅವರ ಬಳಿ ಹಲವಾರು ಇದ್ದವು. ಯಾವುದೂ ಸರಿಯಾದ ಕಿಣ್ವ ಮಾಡುತ್ತಿರಲಿಲ್ಲ. ಅಂಥ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳ ನಡುವೆ ಎಲ್ಲೋ ಒಂದು ಮತ್ತೆ ಕಿಣ್ವ ಮಾಡಲು ಶುರುಮಾಡುತ್ತದೆ. ಕೆಟ್ಟದ್ದು ಅದೇ ಜಾಗದಲ್ಲಿ ರಿಪೇರಿ ಆಗಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಕೆಲವು ತಳಿಗಳಲ್ಲಿ ಹಾಗೆಯೇ ಆಗಿತ್ತು. ಆದರೆ ಇನ್ನು ಕೆಲವುದರಲ್ಲಿ ಕಿಣ್ವದ ವಂಶವಾಹಿ ಕೆಟ್ಟದ್ದು ಕೆಟ್ಟ ಹಾಗೆಯೇ ಇತ್ತು. ಬದಲಾವಣೆ ಆಗಿದ್ದು ಬೇರೆಲ್ಲೋ ಇದ್ದ ಮತ್ತೊಂದು ವಂಶವಾಹಿಯಲ್ಲಿ. ಅಲ್ಲಿ ಆದ ಬದಲಾವಣೆ ಇಲ್ಲಿನ ದೋಷವನ್ನು ಮುಚ್ಚಿಹಾಕುತ್ತಿತ್ತು. ಇಂಥ ಎರಡನೆಯ ಬದಲಾವಣೆಗೆ ಸಪ್ರೆಸರ್ ಎಂದು ಹೆಸರು.

ಇನ್ನೊಂದು ಗಮನಿಸಬೇಕಾದ ಸಂಗತಿಯಿತ್ತು. ಒಂದೇ ಸಪ್ರೆಸರ್, ವಂಶವಾಹಿಯ ಬೇರೆ ಬೇರೆ ಜಾಗಗಳಲ್ಲಿ ಕೆಟ್ಟಿದ್ದ ಹಲವು ತಳಿಗಳನ್ನು ಸರಿಪಡಿಸುತ್ತಿತ್ತು. ಆದರೆ ಎಲ್ಲ ತಳಿಗಳನ್ನೂ ಅಲ್ಲ. ಅಂದರೆ ಅದು ಜಾಗವನ್ನು ನೋಡುತ್ತಿರಲಿಲ್ಲ, ಅಲ್ಲಿರುವ ಪದವನ್ನು ನೋಡುತ್ತಿತ್ತು. ಕೆಲವು ಉತ್ಪರಿವರ್ತನೆಗಳು ಅರ್ಥವಿರುವ ಪದವನ್ನು ಅರ್ಥವಿಲ್ಲದ ಪದವನ್ನಾಗಿ ಮಾಡಿವೆ. ಸಾಮಾನ್ಯ ಬ್ಯಾಕ್ಟೀರಿಯಾದಲ್ಲಿ ಆ ಪದವನ್ನು ಓದುವವರಿಲ್ಲ, ಆದ್ದರಿಂದ ಪ್ರೋಟೀನ್ ಕಟ್ಟುವ ಕೆಲಸ ಕೆಡುತ್ತದೆ. ಸಪ್ರೆಸರ್ ಇರುವ ತಳಿಯಲ್ಲಿ ಅದೇ ಪದಕ್ಕೆ ಒಬ್ಬ ಓದುಗ ಹುಟ್ಟಿಕೊಂಡಿದ್ದಾನೆ. 1962ರಲ್ಲಿ ಇಬ್ಬರೂ ಇದನ್ನು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷ ಸೀಮೋರ್ ಬೆಂಜರ್ ಮತ್ತು ಸೀವೆಲ್ ಚಾಂಪೆ ವೈರಸ್ಸಿನ ಮೇಲೆ ಕೆಲಸ ಮಾಡಿ ಇದೇ ದಿಕ್ಕಿನ ತೀರ್ಮಾನಕ್ಕೆ ಬಂದಿದ್ದರು. ಬೆಂಜರ್ ಎಂಬ ಹೆಸರನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಇದನ್ನು ತರಗತಿಯಲ್ಲಿ ಹೇಳುವಾಗ ನಾನು ನಮ್ಮ ರೈಲುಮಾರ್ಗವನ್ನೇ ಉದಾಹರಣೆ ಕೊಡುತ್ತೇನೆ. ಕಡೂರು, ಬೀರೂರು, ಅಜ್ಜಂಪುರ, ಶಿವನಿ ಒಂದಾದ ಮೇಲೊಂದು ಬರುವ ನಿಲ್ದಾಣಗಳು. ಪ್ಯಾಸೆಂಜರ್ ಗಾಡಿ ಶಿವನಿಯಲ್ಲಿ ನಿಲ್ಲುತ್ತದೆ. ದೂರದ ಎಕ್ಸ್‌ಪ್ರೆಸ್ ಗಾಡಿ ಅದೇ ಹಳಿ, ಅದೇ ಪ್ಲಾಟ್‌ಫಾರ್ಮ್, ಅದೇ ನಾಮಫಲಕದ ಮುಂದೆ ನಿಲ್ಲದೆ ಹೋಗುತ್ತದೆ. ನಿಲ್ದಾಣ ಬದಲಾಗಿಲ್ಲ, ಗಾಡಿಯ ವೇಳಾಪಟ್ಟಿ ಬೇರೆ. ಸಪ್ರೆಸರ್ ತಳಿಯಲ್ಲಿ ಆರ್‌ಎನ್‌ಎ ಬರಹ ಬದಲಾಗಿಲ್ಲ, ಓದುವ ವ್ಯವಸ್ಥೆ ಬದಲಾಗಿದೆ.

ಆ ಮೂರು ಪದಗಳು ನಿಜವಾಗಿ ಏನು ಮಾಡುತ್ತವೆ ಎಂಬುದು ಮುಂದಿನ ಐದು ವರ್ಷಗಳಲ್ಲಿ ಒಂದೊಂದಾಗಿ ತಿಳಿಯಿತು. 1964ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಬ್ರೆನ್ನರ್ ಜೊತೆಗಿದ್ದ ಅಹಮದಾಬಾದಿನ ಆನಂದ್ ಸಾರಾಭಾಯಿ ಮತ್ತು ಸಂಗಡಿಗರು, ಇಂಥ ಪದ ಬಂದಲ್ಲಿಗೇ ಪ್ರೋಟೀನ್ ಸರಪಳಿ ತುಂಡಾಗಿ ನಿಲ್ಲುತ್ತದೆ ಎಂದು ತೋರಿಸಿದರು. 1965ರಲ್ಲಿ ಬ್ರೆನ್ನರ್ ಗುಂಪು ಒಂದು ಕಡೆ, ಗ್ಯಾರೆನ್ ಗುಂಪು ಇನ್ನೊಂದು ಕಡೆ, ಯುಎಜಿ ಮತ್ತು ಯುಎಎ ಪದಗಳನ್ನು ಗುರುತಿಸಿದವು. 1967ರಲ್ಲಿ ಯುಜಿಎ ಕೂಡ ಪಟ್ಟಿ ಸೇರಿತು. ಯುಎಜಿಗೆ ಆಂಬರ್ ಎಂಬ ಅಡ್ಡಹೆಸರು ಬಂದದ್ದು ಹ್ಯಾರಿಸ್ ಬರ್ನ್‌ಸ್ಟೈನ್ ಎಂಬ ವಿದ್ಯಾರ್ಥಿಯಿಂದ. ಬರ್ನ್‌ಸ್ಟೈನ್ ಎಂದರೆ ಜರ್ಮನ್ ಭಾಷೆಯಲ್ಲಿ ಆಂಬರ್ ಎಂಬ ಹಳದಿ ಶಿಲಾರಾಳ. ಬಣ್ಣದ ಹೆಸರೇ ಮುಂದುವರಿಯಲಿ ಎಂದು ಉಳಿದ ಎರಡಕ್ಕೆ ಓಕರ್ ಮತ್ತು ಓಪಲ್ ಎಂದು ಕರೆದರು.

ಗ್ಯಾರೆನ್ ಗುಂಪು ಯುಎಜಿಯನ್ನು ಕಂಡುಹಿಡಿದ ರೀತಿಯನ್ನು ನೀವೇ ಪುಸ್ತಕದ ಕೋಷ್ಟಕ ಇಟ್ಟುಕೊಂಡು ಪರೀಕ್ಷಿಸಬಹುದು. ಅದೇ ಫಾಸ್ಫಟೇಸ್ ವಂಶವಾಹಿಯಲ್ಲಿ ಅರ್ಥವಿಲ್ಲದ ಪದವಿದ್ದ ಜಾಗದಲ್ಲಿ ಒಂದಕ್ಷರ ಬದಲಾಗಿ ಮತ್ತೆ ಅರ್ಥ ಬಂದಾಗ, ಅಲ್ಲಿ ಸೇರುತ್ತಿದ್ದ ಅಮೈನೋ ಆಮ್ಲಗಳು ಏಳು: ಟ್ರಿಪ್ಟೋಫ್ಯಾನ್, ಟೈರೋಸಿನ್, ಸೆರಿನ್, ಲ್ಯೂಸಿನ್, ಗ್ಲುಟಮೈನ್, ಗ್ಲುಟಾಮಿಕ್ ಆಮ್ಲ ಮತ್ತು ಲೈಸಿನ್. ಒಂದೇ ಅಕ್ಷರ ಬದಲಿಸಿ ಈ ಏಳಕ್ಕೂ ತಲುಪಬಹುದಾದ ನಿಲುಗಡೆಯ ಪದ ಯಾವುದು? ಮೂರನ್ನೂ ಹಾಕಿ ನೋಡಿ. ಒಂದು ಮಾತ್ರ ಸರಿಹೊಂದುತ್ತದೆ.

ಸಪ್ರೆಸರ್ ಯಾರೆಂಬುದೂ ಗೊತ್ತಾಯಿತು. ಅದು ಬದಲಾದ ಟಿಆರ್‌ಎನ್‌ಎ. ಟೈರೋಸಿನ್ ಹೊರುವ ಒಂದು ಟಿಆರ್‌ಎನ್‌ಎಯಲ್ಲಿ, ಪದವನ್ನು ಗುರುತಿಸುವ ಜಾಗದ ಒಂದೇ ಅಕ್ಷರ ಬದಲಾಗಿ, ಅದು ಯುಎಜಿಗೆ ಅಂಟಿಕೊಳ್ಳಲು ಶುರುಮಾಡುತ್ತದೆ. ನಿಲ್ಲಬೇಕಾದಲ್ಲಿ ಒಂದು ಟೈರೋಸಿನ್ ಜೋಡಿಸಿ ರೈಬೋಸೋಮ್ ಮುಂದೆ ಸಾಗುತ್ತದೆ. ಇದು 1968ರಲ್ಲಿ ಖಚಿತವಾಯಿತು. 1976ರಲ್ಲಿ ಖುರಾನಾ ಅವರ ತಂಡ ಪ್ರಯೋಗಾಲಯದಲ್ಲಿ ಒಂದು ವಂಶವಾಹಿಯನ್ನು ಸಂಪೂರ್ಣವಾಗಿ ರಾಸಾಯನಿಕಗಳಿಂದ ಕಟ್ಟಿ, ಅದು ಬ್ಯಾಕ್ಟೀರಿಯಾದೊಳಗೆ ಕೆಲಸ ಮಾಡುವುದನ್ನು ತೋರಿಸಿತು. ಅವರು ಕಟ್ಟಿದ್ದು ಇದೇ ಟೈರೋಸಿನ್ ಸಪ್ರೆಸರ್ ಟಿಆರ್‌ಎನ್‌ಎಯ ವಂಶವಾಹಿ. ನಿಲುಗಡೆಯನ್ನು ದಾಟುವ ಶಕ್ತಿ ಬ್ಯಾಕ್ಟೀರಿಯಾಗೆ ಬಂದಿತೇ ಎಂಬುದೇ ಅದು ಕೆಲಸ ಮಾಡುತ್ತಿದೆ ಎಂಬುದಕ್ಕೆ ಪರೀಕ್ಷೆ.

ಇಷ್ಟೆಲ್ಲ ನಡೆಯುವಾಗ ಸಿದ್ದಿಕಿಯವರು ಅಮೆರಿಕದಲ್ಲಿ ಇರಲಿಲ್ಲ. ಭೌತವಿಜ್ಞಾನದಿಂದ ಜೀವಶಾಸ್ತ್ರಕ್ಕೆ ಬಂದಿದ್ದ ಲಿಯೋ ಸಿಲಾರ್ಡ್ ಅವರ ಬಗ್ಗೆ ಹೋಮಿ ಭಾಭಾ ಅವರಿಗೆ ಪತ್ರ ಬರೆದಿದ್ದರು. ಪರಮಾಣು ವಿಜ್ಞಾನದ ಕೇಂದ್ರವಾಗಿದ್ದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರದ ಘಟಕವೊಂದನ್ನು ಕಟ್ಟಲು ಭಾಭಾ ಅವರನ್ನು ಕರೆದರು. 1962ರಲ್ಲಿ, 30ರ ವಯಸ್ಸಿನಲ್ಲಿ, ಅವರು ಅದನ್ನು ಒಪ್ಪಿಕೊಂಡು ಮರಳಿದರು. ತಾವೇ ಬಾಗಿಲು ತೆರೆದ ಕ್ಷೇತ್ರದಲ್ಲಿ ದೊಡ್ಡ ಓಟ ಶುರುವಾಗುವ ಹೊತ್ತಿಗೆ ಭಾರತಕ್ಕೆ ಬಂದು ಮೇಜು, ಸೂಕ್ಷ್ಮದರ್ಶಕ, ವಿದ್ಯಾರ್ಥಿಗಳು ಎಲ್ಲವನ್ನೂ ಮೊದಲಿನಿಂದ ಜೋಡಿಸಲು ಕೂತರು. ಈ ನಿರ್ಧಾರದಿಂದ ಅವರು ಕಳೆದುಕೊಂಡದ್ದೂ ಇದೆ, ದೇಶಕ್ಕೆ ಸಿಕ್ಕಿದ್ದೂ ಇದೆ. ಸಿಕ್ಕಿದ್ದು ದೊಡ್ಡದು ಎಂದು ನನ್ನ ಅಭಿಪ್ರಾಯ. ಒಬ್ಬರ ಹೆಸರು ಪಾಠದಲ್ಲಿ ಬರಲಿಲ್ಲ, ಬದಲಿಗೆ ಒಂದು ಪೀಳಿಗೆಗೆ ಓದಲು ಜಾಗ ಸಿಕ್ಕಿತು.

ಮುಂಬಯಿಯಲ್ಲಿ ಮೊದಲ ವರ್ಷಗಳು ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಡಿಎನ್‌ಎ ದಾಟಿಸುವ ಕ್ರಿಯೆಯ ಅಧ್ಯಯನದಲ್ಲಿ ಹೋದವು. 1970ರ ದಶಕದಲ್ಲಿ ಅವರು ಮತ್ತೆ ಜೀವಿ ಬದಲಿಸಿದರು. ನಾನು ಮೇಲೆ ಹೇಳಿದ ಬೆಂಜರ್ ಕೂಡ ಆಗ ಬ್ಯಾಕ್ಟೀರಿಯಾ ವೈರಸ್ ಬಿಟ್ಟು ಹಣ್ಣಿನ ನೊಣದ ವರ್ತನೆಯ ಕಡೆ ತಿರುಗಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಇಬ್ಬರೂ ಸೇರಿ, ಬಿಸಿ ಹೆಚ್ಚಿದಾಗ ಪಾರ್ಶ್ವವಾಯು ಬಡಿದಂತೆ ಬಿದ್ದು ತಣ್ಣಗಾದಾಗ ಮತ್ತೆ ಏಳುವ ನೊಣದ ತಳಿಗಳನ್ನು ಅಧ್ಯಯನ ಮಾಡಿ 1976ರಲ್ಲಿ ಪ್ರಕಟಿಸಿದರು. ನರಗಳಲ್ಲಿ ಸಂದೇಶ ಹೇಗೆ ಹರಿಯುತ್ತದೆ ಎಂಬುದನ್ನು ಒಂದೊಂದೇ ವಂಶವಾಹಿ ಹಿಡಿದು ಕೇಳುವ ದಾರಿ ಇದರಿಂದ ತೆರೆಯಿತು.

ಆಮೇಲೆ ಅವರು ನೊಣದ ರುಚಿ ಮತ್ತು ವಾಸನೆಯ ಕಡೆ ಹೊರಳಿದರು. ಇಲ್ಲಿ ವೆರೋನಿಕಾ ರೊಡ್ರಿಗಸ್ ಅವರ ಬಗ್ಗೆ ಹೇಳಲೇಬೇಕು. ಗೋವಾ ಮೂಲದ ಮನೆತನ, ಹುಟ್ಟಿದ್ದು ಕೀನ್ಯಾದಲ್ಲಿ, ಓದಿದ್ದು ಡಬ್ಲಿನ್‌ನಲ್ಲಿ. ಸಿದ್ದಿಕಿಯವರ ಬರಹ ಓದಿ, ನಿಮ್ಮಲ್ಲಿ ಸಂಶೋಧನೆ ಮಾಡುವ ಆಸೆಯಿದೆ ಎಂದು ಪತ್ರ ಬರೆದು ಮುಂಬಯಿಗೆ ಬಂದರು. ಸಕ್ಕರೆಯ ರುಚಿ ತಿಳಿಯದ ನೊಣ, ಒಂದು ವಾಸನೆ ಹತ್ತದ ನೊಣ ಇಂಥವನ್ನು ಹುಡುಕಿ ಅವರಿಬ್ಬರು ಮಾಡಿದ ಕೆಲಸ 1978ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲೇ ಪ್ರಕಟವಾಯಿತು. ವೆರೋನಿಕಾ ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾಗಿ, ದೇಶದ ಹೆಸರಾಂತ ನರವಿಜ್ಞಾನಿಗಳಲ್ಲಿ ಒಬ್ಬರಾದರು. ಅದೇ ಘಟಕದಲ್ಲಿ ನೊಣಗಳ ಮೇಲೆ ಕೆಲಸ ಮಾಡಿದ ಗೈತಿ ಹಸನ್ ಕೂಡ ಇಂದು ದೊಡ್ಡ ಹೆಸರು. ಸಿದ್ದಿಕಿಯವರ ಬಳಿ ಪಿಎಚ್.ಡಿ. ಮಾಡಿದ ಕೆ. ವಿಜಯರಾಘವನ್ ಮುಂದೆ ಭಾರತ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರಾದರು.

ಅರವತ್ತರ ಆಸುಪಾಸಿನಲ್ಲಿ, ಇನ್ನೇನು ವಿಶ್ರಾಂತಿ ಎನ್ನುವ ವಯಸ್ಸಿನಲ್ಲಿ, ಅವರು ಎರಡನೆಯ ಸಂಸ್ಥೆ ಕಟ್ಟಲು ಬೆಂಗಳೂರಿಗೆ ಬಂದರು. 1990ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎಲ್ಲರ ಬಾಯಲ್ಲಿ ಎನ್‌ಸಿಬಿಎಸ್, ರೂಪುಗೊಂಡಿತು. ಅದರ ಸ್ಥಾಪಕ ನಿರ್ದೇಶಕರು ಅವರೇ. ಆ ಸಂಸ್ಥೆ ಇರುವುದು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ. ನಿಮ್ಮಲ್ಲಿ ಕೆಲವರ ಮನೆಯ ಹಿರಿಯರು ಕೃಷಿ ಮೇಳ ನೋಡಲು ಅದೇ ಜಿಕೆವಿಕೆಗೆ ಹೋಗಿ ಬಂದಿರುತ್ತಾರೆ. ಗೋಧಿ ಹೊಲದಿಂದ ಹೊರಟವರು ಕೊನೆಗೆ ಕೃಷಿ ವಿಶ್ವವಿದ್ಯಾಲಯದ ಅಂಗಳದಲ್ಲೇ ನೆಲೆ ನಿಂತರು.

ಗೌರವಗಳು ಸಾಲಾಗಿ ಬಂದವು. 1976ರಲ್ಲಿ ಭಟ್ನಾಗರ್ ಪ್ರಶಸ್ತಿ, 1984ರಲ್ಲಿ ಪದ್ಮಭೂಷಣ ಮತ್ತು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 2003ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವಿದೇಶಿ ಸದಸ್ಯತ್ವ, 2006ರಲ್ಲಿ ಪದ್ಮವಿಭೂಷಣ. ನಿವೃತ್ತಿಯ ನಂತರವೂ ಅವರು ಪ್ರಯೋಗಾಲಯಕ್ಕೆ ಹೋಗುವುದನ್ನು ಬಿಡಲಿಲ್ಲ. 80 ದಾಟಿದ ಮೇಲೂ ನೊಣಗಳಿಗೆ ವಾಸನೆಯ ನೆನಪು ಹೇಗೆ ಉಳಿಯುತ್ತದೆ ಎಂಬ ಪ್ರಶ್ನೆ ಅವರ ಮೇಜಿನ ಮೇಲಿತ್ತು. 2013ರ ಜುಲೈನಲ್ಲಿ ಮನೆಯ ಹತ್ತಿರ ನಡೆದು ಹೋಗುತ್ತಿದ್ದಾಗ ದ್ವಿಚಕ್ರ ವಾಹನ ಬಡಿದು ತಲೆಗೆ ಪೆಟ್ಟಾಯಿತು. ಜುಲೈ 26ರಂದು ಅವರು ತೀರಿಕೊಂಡರು.

ಅವರು ಬಿಟ್ಟುಹೋದ ಮೊದಲ ಪ್ರಶ್ನೆ ಮಾತ್ರ ಇನ್ನೂ ಮುಗಿದಿಲ್ಲ. ನಿಲುಗಡೆಯ ಪದವನ್ನು ರೈಬೋಸೋಮ್ ದಾಟುವುದು ಕೆಟ್ಟ ತಳಿಗಳಲ್ಲಿ ಮಾತ್ರವಲ್ಲ, ಆರೋಗ್ಯವಂತ ಜೀವಿಗಳಲ್ಲೂ ನಡೆಯುತ್ತದೆ. ತಂಬಾಕಿನ ಎಲೆಗೆ ರೋಗ ತರುವ ವೈರಸ್ ತನ್ನ ಒಂದು ಪ್ರೋಟೀನನ್ನು ಕೆಲವೊಮ್ಮೆ ಯುಎಜಿಯಲ್ಲಿ ನಿಲ್ಲಿಸುತ್ತದೆ, ಕೆಲವೊಮ್ಮೆ ದಾಟಿಸಿ ಉದ್ದದ ಇನ್ನೊಂದು ಪ್ರೋಟೀನ್ ಪಡೆಯುತ್ತದೆ. ಒಂದೇ ಬರಹದಿಂದ ಎರಡು ಕೆಲಸ. ಸಿದ್ದಿಕಿಯವರ ಹಣ್ಣಿನ ನೊಣದಲ್ಲೇ ಇಂಥ 200ಕ್ಕೂ ಹೆಚ್ಚು ವಂಶವಾಹಿಗಳಿವೆ ಎಂದು 2011ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂದೀಪ್ ಈಶ್ವರಪ್ಪ ಅವರ ತಂಡ ಮನುಷ್ಯನ ಜೀವಕೋಶಗಳಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಹುಡುಕುತ್ತಿದೆ.

ಇದರ ಹಿಂದೆ ರೋಗಿಗಳ ಬದುಕೂ ಇದೆ. ಗಂಡುಮಕ್ಕಳ ಸ್ನಾಯುಗಳನ್ನು ವರ್ಷ ಕಳೆದಂತೆ ಕುಗ್ಗಿಸುವ ಡುಷೆನ್ ಎಂಬ ಕಾಯಿಲೆಯಿದೆ. ಅಂಥ ಹತ್ತು ಮಕ್ಕಳಲ್ಲಿ ಸರಿಸುಮಾರು ಒಬ್ಬರಿಗೆ ಕಾಯಿಲೆ ಬಂದಿರುವುದು ಪ್ರೋಟೀನಿನ ಬರಹದ ನಡುವೆ ನಿಲ್ಲು ಎಂಬ ಪದ ನುಸುಳಿರುವುದರಿಂದ. ಅದನ್ನು ದಾಟಿಸುವ ಔಷಧ ಸಿಕ್ಕರೆ ಮಗು ನಡೆಯುತ್ತಾ ಉಳಿಯಬಹುದು. ಜೆಂಟಾಮೈಸಿನ್ ಎಂಬ ಹಳೆಯ ಆಂಟಿಬಯೋಟಿಕ್ ರೈಬೋಸೋಮಿನ ಓದನ್ನು ಸಡಿಲಗೊಳಿಸಿ ಹೀಗೆ ದಾಟಿಸಬಲ್ಲದು, ಆದರೆ ಅದು ಕಿವಿ ಮತ್ತು ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಬೇರೆ ಔಷಧಗಳ ಪ್ರಯತ್ನ ನಡೆದಿದೆ, ಪೂರ್ತಿ ತೃಪ್ತಿ ಕೊಡುವಂಥದ್ದು ಬಂದಿಲ್ಲ. ಆ ಕೆಲಸಕ್ಕೆ ಇನ್ನೂ ಜನ ಬೇಕಾಗಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ. ಎಲ್ಲ ನಿಲುಗಡೆಯೂ ಶತ್ರುವಲ್ಲ. ರಕ್ತದ ಹಿಮೋಗ್ಲೋಬಿನ್‌ನ ಆಲ್ಫಾ ಸರಪಳಿಯಲ್ಲಿ 141 ಅಮೈನೋ ಆಮ್ಲಗಳಾದ ಮೇಲೆ ನಿಲ್ಲು ಎಂಬ ಪದವಿದೆ. ಕೆಲವರಲ್ಲಿ ಆ ಪದ ಒಂದಕ್ಷರ ಬದಲಾಗಿ ಅಳಿಸಿಹೋಗಿ, ಸರಪಳಿ 31 ಅಮೈನೋ ಆಮ್ಲ ಉದ್ದವಾಗುತ್ತದೆ. ಅಂಥ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದೆ ರಕ್ತಹೀನತೆ ಬರುತ್ತದೆ. ಸಪ್ರೆಸರ್ ತಳಿಗಳಲ್ಲೂ ಕಿಣ್ವ ಮೊದಲಿನಷ್ಟು ಆಗುವುದಿಲ್ಲ, ಒಂದು ಪಾಲು ಮಾತ್ರ. ದಾಟುವುದಕ್ಕೆ ಬೆಲೆಯಿದೆ. ಪೂರ್ಣವಿರಾಮ ಎಲ್ಲಿ ಬೇಕು, ಎಲ್ಲಿ ತಪ್ಪಾಗಿ ಬಿದ್ದಿದೆ ಎಂದು ತಿಳಿಯುವುದೇ ವಿದ್ಯೆ.

ಈ ಮಾತನ್ನು ನಾನು ನಮ್ಮ ಮೂರು ತಾಲ್ಲೂಕುಗಳ ಮಕ್ಕಳಿಗೆ ಹೇಳಲು ಕಾರಣವಿದೆ. ಪ್ರತಿ ವರ್ಷ ನೀಟ್ ಫಲಿತಾಂಶ ಬಂದ ವಾರ ನಮ್ಮ ಕಾರಿಡಾರ್ ಮೌನವಾಗಿರುತ್ತದೆ. ವೈದ್ಯಕೀಯ ಸೀಟು ಸಿಗದವರ ಮನೆಯಲ್ಲಿ, ಓದಿದ್ದು ಸಾಕು ಎಂಬ ಮಾತು ಬರುತ್ತದೆ. ಹುಡುಗನಿಗೆ ಅಂಗಡಿ, ಹುಡುಗಿಗೆ ಸಂಬಂಧ. ಜೀವಶಾಸ್ತ್ರದಲ್ಲಿ ತೊಂಬತ್ತರ ಮೇಲೆ ಅಂಕ ತೆಗೆದ ಹೆಣ್ಣುಮಕ್ಕಳು ಅಜ್ಜಂಪುರದ ಬಸ್ಸಿನಲ್ಲಿ ಮತ್ತೆ ಬರಲೇ ಇಲ್ಲದ ವರ್ಷಗಳನ್ನು ನಾನು ಕಂಡಿದ್ದೇನೆ. ಮನೆಯವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವರ ಖರ್ಚು, ಅವರ ಭಯ ನನಗೂ ಗೊತ್ತು. ಡಾಕ್ಟರಾಗುವುದೊಂದೇ ಜೀವಶಾಸ್ತ್ರದ ದಾರಿ ಎಂದು ಅವರಿಗೆ ಅನ್ನಿಸಿದರೆ, ಬೇರೆ ದಾರಿಯನ್ನು ಯಾರೂ ತೋರಿಸಿಲ್ಲ ಎಂದಷ್ಟೇ ಅರ್ಥ.

ದಾರಿಗಳಿವೆ. ಬಿ.ಎಸ್ಸಿ. ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಎನ್‌ಸಿಬಿಎಸ್‌ನಲ್ಲಿ ಎಂ.ಎಸ್ಸಿ. ಮತ್ತು ಪಿಎಚ್.ಡಿ. ಒಟ್ಟಿಗೆ ಮಾಡಬಹುದು, ಸಂಶೋಧನೆ ಮಾಡುವಾಗ ತಿಂಗಳ ವಿದ್ಯಾರ್ಥಿವೇತನವೂ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಯುಸಿ ನಂತರ ನೇರವಾಗಿ ಸೇರುವ ನಾಲ್ಕು ವರ್ಷದ ಪದವಿಯಿದೆ. ನಮ್ಮ ಊರುಗಳಿಂದ ಇವು ಒಂದು ರೈಲಿನ ದೂರ. ಬಯಸುವವರು, ಬೇಕಿದ್ದರೆ ಪೋಷಕರನ್ನೂ ಕರೆದುಕೊಂಡು, ನನ್ನ ಬಳಿ ಬನ್ನಿ. ಕೂತು ಮಾತಾಡೋಣ.

ಅದಕ್ಕೂ ಮೊದಲು ಒಂದು ಸಣ್ಣ ಕೆಲಸ. ಒಂದು ಗಾಜಿನ ಸೀಸೆಯಲ್ಲಿ ಅರ್ಧ ಕೊಳೆತ ಏಲಕ್ಕಿ ಬಾಳೆಹಣ್ಣು ಹಾಕಿ ಕಿಟಕಿಯ ಬಳಿ ಇಡಿ. ಎರಡು ದಿನದಲ್ಲಿ ಸಣ್ಣ ನೊಣಗಳು ತಾವಾಗಿಯೇ ಬರುತ್ತವೆ. ಬಾಯಿಗೆ ತೆಳು ಬಟ್ಟೆ ಕಟ್ಟಿ ಶನಿವಾರ ಪ್ರಯೋಗಾಲಯಕ್ಕೆ ತನ್ನಿ. ಸಿದ್ದಿಕಿಯವರು ನಲವತ್ತು ವರ್ಷದ ಹತ್ತಿರ ನೋಡುತ್ತಾ ಕೂತಿದ್ದು ಇಂಥದೇ ನೊಣವನ್ನು. ನಮ್ಮಲ್ಲಿರುವ ಸೂಕ್ಷ್ಮದರ್ಶಕ ಹಳೆಯದು, ಆದರೆ ಅದರ ಕಣ್ಣನ್ನು ನೋಡಲು ಸಾಕು.